ಪಥ್ಯ ಕಳೆದುಕೊಂಡ ಮನೆಮದ್ದು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹಿತ್ತಲ ಬೇಲಿಯಲ್ಲಿ ಚಕ್ರಮುನಿ ಗಿಡ ಕಾಣದ ಮನೆ ಕಡಿಮೆ. ಜಡಿಮಳೆಗೆ ಉಳಿದ ಸೊಪ್ಪೆಲ್ಲ ಕೊಳೆತು ಹೋದರೂ ಇದು ಚಿಗುರುತ್ತಲೇ ಇರುತ್ತದೆ. ವಿಟಮಿನ್ ಸೊಪ್ಪು ಎಂಬ ಅಡ್ಡಹೆಸರೂ ಇದಕ್ಕಿದೆ. ಒಂದು ಹಿಡಿ ಕುಡಿ ಕಿತ್ತು ತುಪ್ಪದಲ್ಲಿ ಬಾಡಿಸಿ, ಕಾಯಿ, ಜೀರಿಗೆ ಸೇರಿಸಿ ರುಬ್ಬಿ ಮಜ್ಜಿಗೆ ಬೆರೆಸಿದರೆ ತಂಬುಳಿ. ಬೇಳೆ ಜೊತೆ ಬೇಯಿಸಿದರೆ ಹುಳಿ. ಇದನ್ನು ಉಂಡು ಹಾಸಿಗೆ ಹಿಡಿದವರ ಸುದ್ದಿ ಈ ಸೀಮೆಯಲ್ಲಿ ಯಾರೂ ಕೇಳಿಲ್ಲ.

ಅದೇ ಸೊಪ್ಪು 1994-95ರಲ್ಲಿ ತೈವಾನಿನಲ್ಲಿ ಜನರ ಶ್ವಾಸಕೋಶ ಹಾಳು ಮಾಡಿತು. ತೂಕ ಇಳಿಯುತ್ತದೆ ಎಂಬ ಮಾತು ಹಬ್ಬಿ, ಅಲ್ಲಿನ ಹೆಂಗಸರು ಹಸಿ ಎಲೆಯನ್ನು ಪೇರಲೆ, ಅನಾನಸಿನ ಜೊತೆ ಅರೆದು ರಸ ಕುಡಿಯತೊಡಗಿದರು. ದಿನಕ್ಕೆ ನೂರು, ನೂರೈವತ್ತು ಗ್ರಾಂ ಎಲೆ, ಅದೂ ವಾರಗಟ್ಟಲೆ. ಕೆಲವು ತಿಂಗಳಲ್ಲಿ ಮೆಟ್ಟಿಲು ಹತ್ತಿದರೆ ಏದುಸಿರು, ಬಿಡದ ಕೆಮ್ಮು. ಶ್ವಾಸಕೋಶದ ಸಣ್ಣ ನಾಳಗಳು ಮುಚ್ಚಿಕೊಂಡಿದ್ದವು. ಅದು ಹಿಂದಿರುಗಿ ಸರಿಹೋಗುವ ರೋಗವಲ್ಲ. ಕೆಲವರಿಗೆ ಶ್ವಾಸಕೋಶ ಕಸಿ ಮಾಡಬೇಕಾಯಿತು, ಕೆಲವರು ಸತ್ತರು. ಮಲೇಷ್ಯಾದಲ್ಲಿ ಇದೇ ಸೊಪ್ಪನ್ನು ತಲೆಮಾರುಗಳಿಂದ ಬೇಯಿಸಿ ತಿನ್ನುತ್ತಾರೆ. ಅಲ್ಲಿ ಇಂಥದ್ದು ನಡೆಯಲಿಲ್ಲ.

ಗಿಡ ಅದೇ. ಬದಲಾದದ್ದು ಅಳತೆ, ಬೇಯಿಸುವುದು, ಎಷ್ಟು ದಿನ ಎಂಬ ಲೆಕ್ಕ.

ನಮ್ಮಲ್ಲಿ ಮನೆಮದ್ದಿನ ತಿಳಿವಳಿಕೆ ಶಿಬಿರಗಳಿಗೆ ಈಗ ಬರವಿಲ್ಲ. ಸ್ವಸಹಾಯ ಸಂಘದ ಸಭೆ, ಮಹಿಳಾ ಮಂಡಳದ ವಾರ್ಷಿಕೋತ್ಸವ, ಶಾಲೆಯ ಸಸ್ಯಮೇಳ ಎಲ್ಲ ಕಡೆ ಮೇಜಿನ ಮೇಲೆ ಗಿಡಗಳ ಸಾಲು. ಒಂದೊಂದಕ್ಕೂ ಒಂದು ಚೀಟಿ: ಒಂದೆಲಗ ನೆನಪಿನ ಶಕ್ತಿಗೆ, ಅಮೃತಬಳ್ಳಿ ಜ್ವರಕ್ಕೆ, ನೆಲನೆಲ್ಲಿ ಕಾಮಾಲೆಗೆ, ದೊಡ್ಡಪತ್ರೆ ಶೀತಕ್ಕೆ. ಚೀಟಿ ಫೋಟೋ ಆಗಿ ವಾಟ್ಸ್ಆ್ಯಪ್‌ನಲ್ಲಿ ಬೆಂಗಳೂರಿನ ಮಗಳ ಮನೆಯವರೆಗೂ ಹೋಗುತ್ತದೆ. ಎಷ್ಟು ಕೊಡಬೇಕು, ಎಷ್ಟು ದಿನ, ಯಾರಿಗೆ ಕೊಡಬಾರದು, ಯಾವ ಲಕ್ಷಣ ಕಂಡರೆ ಕಷಾಯದ ಪಾತ್ರೆ ಕೆಳಗಿಟ್ಟು ಗಾಡಿ ಹೊರಡಿಸಬೇಕು ಎಂಬುದು ಚೀಟಿಯಲ್ಲಿ ಇರುವುದಿಲ್ಲ. ಹಿಂದೆ ಮದ್ದು ಕೊಡುವ ಅಜ್ಜಿಯರು ಇವನ್ನೆಲ್ಲ ಪಥ್ಯದ ಜೊತೆಗೇ ಹೇಳಿ ಕಳಿಸುತ್ತಿದ್ದರು. ಈಗ ಮದ್ದು ಊರೂರು ಸುತ್ತುತ್ತಿದೆ, ಪಥ್ಯ ಅಜ್ಜಿಯ ಜೊತೆಗೇ ಹೋಗಿದೆ. ಹಾಗಾಗಿ ಈ ಮೂರು ತಾಲ್ಲೂಕುಗಳಿಗೆ ಬೇಕಿರುವುದು ಇನ್ನೊಂದು ಗಿಡಗಳ ಪಟ್ಟಿಯಲ್ಲ, ಪಥ್ಯದ ಪಾಠ ಎಂಬುದು ನನ್ನ ಅನಿಸಿಕೆ.

ಇಲ್ಲಿ ಸ್ವಂತ ಆರೈಕೆ ಶೋಕಿಗೆ ಬಂದದ್ದಲ್ಲ. ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆ. ಮನೆಗಳು ತೋಟದ ತಲೆಯ ಮೇಲೆ ಒಂದೊಂದಾಗಿ ಚದುರಿವೆ. ಆರಿದ್ರಾ ಮಳೆ ಹಿಡಿದರೆ ಹಳ್ಳದ ಸಂಕ ದಾಟುವುದೇ ಒಂದು ಸಾಹಸ, ಮೊಬೈಲಿಗೆ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ಶಿರಸಿಯಲ್ಲಿ ಪಂಡಿತ ಸಾರ್ವಜನಿಕ ಆಸ್ಪತ್ರೆಯಿದೆ, ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಆಸ್ಪತ್ರೆಗಳಿವೆ. ಅದಕ್ಕೂ ಮೇಲಿನದು ಬೇಕಾದರೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು. 2022ರಲ್ಲಿ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡದ ಜನ ಎದ್ದು ಕೂಗಿದ್ದು ಸುಮ್ಮನೆ ಅಲ್ಲ. ಯಲ್ಲಾಪುರದ ಕಾಡಂಚಿನ ಸಿದ್ದಿ ಕೇರಿಗಳಲ್ಲಿ, ಕುಣಬಿ, ಮರಾಠಿ, ಗೌಳಿ ಮನೆಗಳಲ್ಲಿ ಮೊದಲ ವೈದ್ಯೆ ಮನೆಯ ಹಿರಿಯ ಹೆಂಗಸೇ. ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದೇ 2003ರಲ್ಲಿ. ಅದಕ್ಕೂ ಎಷ್ಟೋ ಮೊದಲಿನಿಂದ ಕಾಡಿನ ಬೇರು, ತೊಗಟೆ, ಜೇನು ಅವರ ಔಷಧದ ಪೆಟ್ಟಿಗೆ.

ಅಡುಗೆಮನೆಯ ತಿಳಿವಳಿಕೆಯನ್ನು ಹಗುರಾಗಿ ನೋಡುವವರು ಒಮ್ಮೆ ಕಳಲೆಯ ಕೆಲಸ ನೋಡಬೇಕು. ಎಳೆ ಬಿದಿರಿನಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ. ಹಸಿಯಾಗಿ ತಿಂದರೆ ವಿಷ. ಮಲೆನಾಡಿನ ಹೆಂಗಸರು ಅದನ್ನು ತೆಳ್ಳಗೆ ಹೆಚ್ಚಿ, ಎರಡು ಮೂರು ದಿನ ನೀರಲ್ಲಿ ನೆನೆಹಾಕಿ, ದಿನಾ ನೀರು ಚೆಲ್ಲಿ ಹೊಸದು ಹಾಕುತ್ತಾರೆ. ಹೆಚ್ಚಿದಾಗ ವಿಷ ಬಿಡುಗಡೆಯಾಗುತ್ತದೆ, ನೀರಿಗೆ ಇಳಿಯುತ್ತದೆ, ಬೇಯಿಸುವಾಗ ಉಳಿದದ್ದು ಹಬೆಯಾಗಿ ಹೋಗುತ್ತದೆ. ಸಯನೈಡಿನ ಹೆಸರು ಕೇಳದೆಯೇ ಅದನ್ನು ತೆಗೆಯುವ ವಿಧಾನ ಅವರ ಕೈಗೆ ಬಂದಿತ್ತು. ಕೆಸುವೂ ಹಾಗೆಯೇ. ಅದರ ಎಲೆ, ದಂಟಿನಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳು ತುಂಬಿರುತ್ತವೆ. ಹುಳಿ ಹಾಕದೆ, ಚೆನ್ನಾಗಿ ಬೇಯಿಸದೆ ಕರಕಲಿ ಮಾಡಿದರೆ ಗಂಟಲು ಕೆರೆದು ಊಟವೇ ಬೇಡವಾಗುತ್ತದೆ. ಇದೆಲ್ಲ ಅನುಭವದಿಂದ ಕಟ್ಟಿದ ಪಥ್ಯ. ಇಂಥ ಎಚ್ಚರ ಇದ್ದ ಅಡುಗೆಮನೆಯೇ ಯೂಟ್ಯೂಬ್ ನೋಡಿ ಬೆಳಗ್ಗೆ ಖಾಲಿ ಹೊಟ್ಟೆಗೆ ಸೋರೆಕಾಯಿ, ಹಾಗಲಕಾಯಿ, ಸೊಪ್ಪಿನ ಹಸಿ ರಸ ಕುಡಿಯಲು ಹೊರಟಿರುವುದು ವಿಚಿತ್ರ.

ಹಾಗಾದರೆ ಮನೆಯಲ್ಲಿ ಧೈರ್ಯವಾಗಿ ಏನು ಮಾಡಬಹುದು? ಪಟ್ಟಿಯ ತಲೆಯ ಮೇಲೆ ಬರಬೇಕಾದ ಮದ್ದಿಗೆ ಯಾವ ಸಸ್ಯಮೇಳದಲ್ಲೂ ಚೀಟಿ ಅಂಟಿಸಿರುವುದಿಲ್ಲ: ಗಂಜಿ ತಿಳಿ, ಒಂದು ಚಿಟಿಕೆ ಉಪ್ಪು. ವಾಂತಿ ಭೇದಿಯಲ್ಲಿ ಜೀವ ಹೋಗುವುದು ರೋಗಾಣುವಿನಿಂದ ಎನ್ನುವುದಕ್ಕಿಂತ ಮೈಯ ನೀರು, ಉಪ್ಪು ಬಸಿದು ಹೋಗುವುದರಿಂದ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಬಂಗಾಳದ ಬನಗಾಂವಿಗೆ ಬಂದು ಸೇರಿದಾಗ ಕಾಲರಾ ಹಬ್ಬಿತು. ಸಲೈನ್ ಮುಗಿದುಹೋಗಿತ್ತು. ಡಾ. ದಿಲೀಪ್ ಮಹಾಲನಬಿಸ್ ಸಕ್ಕರೆ ಉಪ್ಪಿನ ನೀರನ್ನು ಡ್ರಮ್ಮಿನಲ್ಲಿ ಬೆರೆಸಿ, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ನೂರಕ್ಕೆ 30ರಂತಿದ್ದ ಸಾವು 3.6ಕ್ಕೆ ಇಳಿಯಿತು. ಸಕ್ಕರೆಯ ಕಣ ಕರುಳಿನ ಗೋಡೆ ದಾಟುವಾಗ ಉಪ್ಪನ್ನೂ ಎಳೆದುಕೊಂಡು ಹೋಗುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. ಅನ್ನದ ಪಿಷ್ಟ ಕರುಳಿನಲ್ಲಿ ನಿಧಾನಕ್ಕೆ ಸಕ್ಕರೆಯಾಗುವುದರಿಂದ ಗಂಜಿಯೂ ಇದೇ ಕೆಲಸ ಮಾಡಬಲ್ಲದು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಎಂದರೆ ಚಹಾದ ಚಮಚ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಆಶಾ ಕಾರ್ಯಕರ್ತೆಯ ಬಳಿ ಓಆರ್‌ಎಸ್ ಪೊಟ್ಟಣವೂ ಮಕ್ಕಳಿಗೆ ಹದಿನಾಲ್ಕು ದಿನ ಕೊಡುವ ಸತುವಿನ ಮಾತ್ರೆಯೂ ಇರುತ್ತದೆ. ಇವುಗಳ ಜೊತೆ ದಾಳಿಂಬೆ ಸಿಪ್ಪೆಯ ತಂಬುಳಿಯನ್ನೋ ಒಣಗಿಸಿಟ್ಟ ಕೊಡಸಿಗೆ ಹೂವಿನ ತಂಬುಳಿಯನ್ನೋ ದೊಡ್ಡವರು ಉಂಡರೆ ತಪ್ಪೇನಿಲ್ಲ. ಕೊಡಸಿಗೆಯ ತೊಗಟೆಗೆ ಆಮಶಂಕೆಯ ಮದ್ದೆಂದು ಆಯುರ್ವೇದದಲ್ಲಿ ದೊಡ್ಡ ಹೆಸರೇ ಇದೆ. ಆದರೆ ನೀರು ಮೊದಲು, ತಂಬುಳಿ ಆಮೇಲೆ. ಮಲದಲ್ಲಿ ರಕ್ತ ಕಂಡರೆ, ಮಗುವಿನ ಕಣ್ಣು ಗುಳಿ ಬಿದ್ದರೆ, ಉಚ್ಚೆ ನಿಂತರೆ ತಂಬುಳಿಯ ಹೊತ್ತು ಮುಗಿಯಿತು.

ಕೆಮ್ಮಿಗೆ ಜೇನು ಕೊಡುವುದನ್ನು ಈಗ ವೈದ್ಯಲೋಕವೂ ಒಪ್ಪುತ್ತದೆ. 2020ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕರು ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಶೀತ ಕೆಮ್ಮಿನ ತೊಂದರೆಗೆ ಮಾಮೂಲಿ ಔಷಧಕ್ಕಿಂತ ಜೇನು ಮೇಲು ಎಂದರು. ತುಡುವೆ ಜೇನಿನ ಈ ಸೀಮೆಗೆ ಇದು ಹೆಮ್ಮೆಯ ಮಾತೇ. ಪಥ್ಯ ಮಾತ್ರ ಕಟ್ಟುನಿಟ್ಟು: ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬಾರದು. ಜೇನಿನಲ್ಲಿ ಇರಬಹುದಾದ ಬೊಟುಲಿಸಂ ಬೀಜಕಣಗಳು ಎಳೆಯ ಕರುಳಿನಲ್ಲಿ ಮೊಳೆತು ವಿಷ ಕಾರಿದರೆ ಕೂಸಿನ ಮೈ ಜೋಲು ಬೀಳುತ್ತದೆ, ಉಸಿರು ನಿಲ್ಲಬಹುದು. ಬಜೆ ತೇಯ್ದು ನಾಲಿಗೆಗೆ ಸವರುವ ರೂಢಿಯ ಬಗ್ಗೆಯೂ ಎರಡು ಮಾತು ಬೇಕು. ನಮ್ಮ ಬಜೆಯಲ್ಲಿ ಬೀಟಾ ಅಸರೋನ್ ಎಂಬ ಅಂಶ ಹೆಚ್ಚು. ಅದು ಇಲಿಗಳಲ್ಲಿ ಗೆಡ್ಡೆ ಹುಟ್ಟಿಸಿದ್ದನ್ನು ನೋಡಿ ಅಮೆರಿಕ 1968ರಲ್ಲೇ ಆಹಾರದಲ್ಲಿ ಬಜೆ ಬಳಸಬಾರದೆಂದಿತು. ಆರು ತಿಂಗಳು ತಾಯಿಹಾಲು ಬಿಟ್ಟು ಇನ್ನೇನೂ ಬೇಡ ಎಂದು ಆಶಾ ಕಾರ್ಯಕರ್ತೆ ಹೇಳಿದರೆ, "ನಮ್ಮನ್ನೆಲ್ಲ ಬಜೆ ಕುಡಿಸೇ ಬೆಳೆಸಿದ್ದಲ್ದಾ ತಂಗೀ?" ಎಂದು ಕೇಳುವ ಅತ್ತೆಯರು ಪ್ರತಿ ಊರಲ್ಲೂ ಇದ್ದಾರೆ. ಬದುಕಿ ಬೆಳೆದವರು ಮಾತ್ರ ಹೀಗೆ ಕೇಳಬಲ್ಲರು ಎಂಬುದನ್ನು ಅವರಿಗೆ ನೋವಾಗದಂತೆ ಹೇಳುವ ಕಲೆ ಆ ತಂಗಿಗೆ ಯಾವ ತರಬೇತಿಯಲ್ಲೂ ಸಿಗುವುದಿಲ್ಲ.

ಇನ್ನು ಕಾಮಾಲೆ. ಉಳಿದೆಲ್ಲಕ್ಕಿಂತ ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ನಾಟಿ ಔಷಧದ ದೊಡ್ಡ ಹೆಸರೂ ದೊಡ್ಡ ಅಪಾಯವೂ ಇಲ್ಲೇ ಕೂಡಿಕೊಂಡಿವೆ. ಈ ಮೂರು ತಾಲ್ಲೂಕಿನಲ್ಲಿ ಕಾಮಾಲೆಗೆ ಮದ್ದು ಕೊಡುವ ಮನೆ ಎಲ್ಲಿದೆ ಎಂದು ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ. ನೆಲನೆಲ್ಲಿಯನ್ನು ಹಾಲಲ್ಲೋ ಮಜ್ಜಿಗೆಯಲ್ಲೋ ಅರೆದು ಕೊಡುವುದು, ಮೂರು ದಿನ ಉಪ್ಪು, ಖಾರ, ಎಣ್ಣೆ ಬಿಡಿಸುವುದು ಕ್ರಮ. ಗುಣವೂ ಆಗುತ್ತದೆ. ಏಕೆಂದರೆ ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಎ ಸೋಂಕು ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಕಡಿಮೆಯಾಗುತ್ತದೆ. ವಿಶ್ರಾಂತಿ, ಹಗುರ ಊಟ, ಹೆಂಡ ಬಿಡುವುದು ಅದಕ್ಕೆ ಬೇಕಾದ ಆರೈಕೆ. ಮದ್ದು ಕೊಟ್ಟವರು ಹೇಳುವ ಪಥ್ಯವೂ ಅದೇ. ಹೆಸರು ಮಾತ್ರ ಗಿಡಕ್ಕೆ ಬರುತ್ತದೆ.

ಗಿಡದಲ್ಲಿ ಏನೂ ಇಲ್ಲವೆಂದು ತಳ್ಳಿಹಾಕಿದವರಿಲ್ಲ. 1988ರಲ್ಲಿ ಮದ್ರಾಸಿನ ವೈದ್ಯರು ಹೆಪಟೈಟಿಸ್ ಬಿ ವೈರಸ್ ಹೊತ್ತವರಿಗೆ ನೆಲನೆಲ್ಲಿಯ ಪುಡಿ ಕೊಟ್ಟು 'ಲ್ಯಾನ್ಸೆಟ್'ನಲ್ಲಿ ಫಲಿತಾಂಶ ಪ್ರಕಟಿಸಿದರು: ಗಿಡದ ಪುಡಿ ತಿಂದ 37 ಜನರಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು, ಬರೀ ಹುಸಿ ಔಷಧ ತಿಂದ 23 ಜನರಲ್ಲಿ ಒಬ್ಬರದ್ದು ಮಾತ್ರ. ಜಗತ್ತು ಕಿವಿ ನಿಮಿರಿಸಿತು. ಬೇರೆ ಬೇರೆ ಕಡೆ ಮತ್ತೆ ಪರೀಕ್ಷಿಸಿದಾಗ ಆ ಫಲ ಸಿಗಲಿಲ್ಲ. ಗಿಡದ ತಳಿ ಬೇರೆ, ಮಣ್ಣು ಬೇರೆ, ಸಂಗ್ರಹದ ಕಾಲ ಬೇರೆ ಎಂಬ ವಾದಗಳು ನಡೆದವು. ಒಂದು ಸಲ ಕಂಡದ್ದು ಮತ್ತೆ ಮತ್ತೆ ಕಾಣಬೇಕು. ಅಲ್ಲಿಯವರೆಗೆ ಅದು ಆಸೆ, ಚಿಕಿತ್ಸೆಯಲ್ಲ.

ಅಪಾಯ ಇರುವುದು ಬೇರೆಡೆ. ಕಣ್ಣು ಹಳದಿಯಾಗುವುದು ಒಂದು ಲಕ್ಷಣ, ಅದರ ಹಿಂದೆ ಹತ್ತು ಕಾರಣ ಇರಬಹುದು. ಗದ್ದೆ ನಾಟಿಯ, ತೋಟದ ಕಾಲುವೆ ತೋಡುವ ಹೊತ್ತಿನಲ್ಲಿ ಇಲಿಯ ಉಚ್ಚೆ ಬೆರೆತ ನೀರು ಕಾಲಿನ ಬಿರುಕಿನೊಳಗೆ ಹೋಗಿ ಬರುವ ಇಲಿಜ್ವರದಲ್ಲೂ ಕಣ್ಣು ಹಳದಿಯಾಗುತ್ತದೆ. ಅದು ಬ್ಯಾಕ್ಟೀರಿಯಾದ ಕಾಯಿಲೆ. ಹೊತ್ತಿಗೆ ಸರಿಯಾಗಿ ಮಾಮೂಲಿ ಆ್ಯಂಟಿಬಯಾಟಿಕ್ ಕೊಟ್ಟರೆ ಗುಣ, ವಾರ ತಡೆದರೆ ಮೂತ್ರಪಿಂಡ ಕೈಕೊಡುತ್ತದೆ. ಮೂರು ದಿನದ ನೆಲನೆಲ್ಲಿ, ಮತ್ತೆ ಮೂರು ದಿನದ ಪಥ್ಯ ಎಂದು ಕಳೆಯುವುದು ಆ ಅಮೂಲ್ಯ ವಾರವೇ. ಗದ್ದೆ ಕೆಲಸದವರಿಗೆ ಜ್ವರದ ಜೊತೆ ಮೀನಖಂಡದಲ್ಲಿ ಹಿಡಿದು ಹಿಂಡುವ ನೋವು, ಕೆಂಪು ಕಣ್ಣು, ಉಚ್ಚೆ ಕಡಿಮೆಯಾಗುವುದು ಕಂಡರೆ ರಕ್ತ ಪರೀಕ್ಷೆಯಾಗಲೇಬೇಕು. ಬಸುರಿಗೆ ಕಾಮಾಲೆ ಬಂದರಂತೂ ಒಂದು ಹೊತ್ತೂ ತಡೆಯಬಾರದು; ಹೆಪಟೈಟಿಸ್ ಇ ಆಗಿದ್ದರೆ ಕೊನೆಯ ತಿಂಗಳುಗಳಲ್ಲಿ ಐವರಲ್ಲಿ ಒಬ್ಬರ ಜೀವಕ್ಕೆ ಎರವಾಗಬಹುದು. ಊರಿನ ಕಾಮಾಲೆ ಮದ್ದಿನವರನ್ನು ಶಿಬಿರಕ್ಕೆ ಕರೆದು ವೇದಿಕೆಯಲ್ಲಿ ಶಾಲು ಹೊದೆಸುವುದಕ್ಕಿಂತ, ಈ ಎರಡು ಮೂರು ಗುರುತುಗಳನ್ನು ಅವರ ಜೊತೆ ಕುಳಿತು ಮಾತಾಡಿದರೆ ಹೆಚ್ಚು ಜೀವ ಉಳಿಯುತ್ತದೆ. ರೋಗಿ ಮೊದಲು ಬರುವುದು ಅವರ ಜಗಲಿಗೆ. ಅಲ್ಲಿಂದ "ನೀ ಮೊದ್ಲು ಶಿರಸಿಗೆ ಹೋಗಿ ರಕ್ತ ತೋರ್ಸಿ ಬಾ" ಎಂಬ ಮಾತು ಬಂದರೆ ಅದನ್ನು ಮೀರುವವರಿಲ್ಲ.

ಸಿದ್ದಾಪುರದವರಿಗೆ ಜ್ವರವೆಂದರೆ ಇನ್ನೊಂದು ಭಯ. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದು, ಜನರಿಗೆ ಹೊಸ ಜ್ವರ ಬಂದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಗುರುತಿಸಿದ್ದು ಮಂಗನ ಕಾಯಿಲೆ. ಉಣುಗು ಕಚ್ಚಿ ಮೂರರಿಂದ ಎಂಟು ದಿನದೊಳಗೆ ಇದ್ದಕ್ಕಿದ್ದಂತೆ ಜ್ವರ, ತಲೆ ಸಿಡಿತ, ಸೊಂಟ ಮುರಿಯುವಂಥ ಮೈನೋವು. ಕೆಲವರಲ್ಲಿ ಒಸಡು, ಮೂಗಿನಿಂದ ರಕ್ತ. ಒಮ್ಮೆ ಬಿಟ್ಟ ಜ್ವರ ಮತ್ತೆ ಮರುಕಳಿಸಿ ಮಿದುಳಿಗೆ ತಾಗುವುದೂ ಉಂಟು. ನೂರರಲ್ಲಿ ಮೂರರಿಂದ ಐದು ಮಂದಿ ಉಳಿಯುವುದಿಲ್ಲ. 2024ರ ಫೆಬ್ರುವರಿಯಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲೂ ಸಾವಾಯಿತು. ಹಳೆಯ ಲಸಿಕೆ ಸಾಕಷ್ಟು ಕೆಲಸ ಮಾಡುತ್ತಿಲ್ಲವೆಂದು 2022ರಲ್ಲಿ ನಿಲ್ಲಿಸಿದ ಮೇಲೆ ಜನರ ಕೈಯಲ್ಲಿ ಉಳಿದಿರುವುದು ಮೈಗೆ ಹಚ್ಚುವ ಡೇಪಾ ಎಣ್ಣೆ ಮತ್ತು ಎಚ್ಚರ.

ಈ ಎಚ್ಚರಕ್ಕೆ ಗಿಡಮೂಲಿಕೆ ಬೇಕಿಲ್ಲ, ದಿನಚರಿ ಬೇಕು. ಡಿಸೆಂಬರಿನಿಂದ ಮೇವರೆಗೆ ಬೆಟ್ಟಕ್ಕೆ ತರಗೆಲೆ ಗುಡಿಸಲು, ಸೌದೆಗೆ, ದನ ಕಾಯಲು ಹೋಗುವವರೇ ಇದಕ್ಕೆ ತುತ್ತು. ಸೊಪ್ಪಿನ ಬೆಟ್ಟವಿಲ್ಲದೆ ಅಡಿಕೆ ತೋಟವಿಲ್ಲ, ಹಾಗಾಗಿ ಹೋಗಬೇಡಿ ಎನ್ನುವುದು ಆಗದ ಮಾತು. ಮೈತುಂಬ ಬಟ್ಟೆ, ತೆರೆದ ಮೈಗೆ ಎಣ್ಣೆ, ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಯನ್ನು ಬಿಸಿನೀರಿಗೆ ಹಾಕುವುದು, ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸುವುದು ಇವಿಷ್ಟೇ. ಮನೆಮದ್ದಿನವರು ಈ ಊರುಗಳಲ್ಲಿ ಕಲಿಸಬೇಕಾದ ಮುಖ್ಯ ಪಾಠ, ಬೆಟ್ಟಕ್ಕೆ ಹೋಗಿ ಬಂದವರ ಜ್ವರಕ್ಕೆ ಕಷಾಯ ಕುದಿಸುತ್ತ ಕೂರಬಾರದು ಎಂಬುದು. ಅಂಗಡಿಯ ನೋವಿನ ಮಾತ್ರೆಗೂ ಇದೇ ನಿಯಮ. ಆಸ್ಪಿರಿನ್, ಐಬುಪ್ರೊಫೆನ್‌ನಂಥವು ರಕ್ತಸ್ರಾವ ಹೆಚ್ಚಿಸಬಲ್ಲವು. ಪ್ಯಾರಾಸಿಟಮಾಲ್ ನುಂಗಿ, ನೀರು ಕುಡಿಯುತ್ತ ಆಸ್ಪತ್ರೆಗೆ ಹೋಗುವುದೇ ದಾರಿ. ಈ ರೋಗಕ್ಕೆ ನಿರ್ದಿಷ್ಟ ಔಷಧವಿಲ್ಲ ನಿಜ, ಆದರೆ ಬೇಗ ಬಂದವರಿಗೆ ಆಸರೆ ಚಿಕಿತ್ಸೆ ಕೊಟ್ಟು ಉಳಿಸಿಕೊಳ್ಳಬಹುದು.

ಹಾವಿನ ಕಡಿತದ ಮಾತು ಚುಟುಕಾಗಿ ಮುಗಿಸುತ್ತೇನೆ, ಅದರಲ್ಲಿ ವಾದಕ್ಕೆ ಜಾಗವೇ ಇಲ್ಲ. ಕಚ್ಚುವ ಹಾವುಗಳಲ್ಲಿ ಹೆಚ್ಚಿನವು ವಿಷದವಲ್ಲ; ವಿಷದ ಹಾವೂ ಎಷ್ಟೋ ಸಲ ವಿಷ ಬಿಡದೆ ಕಚ್ಚುತ್ತದೆ. ಬೇರು ಕಟ್ಟಿಸಿಕೊಂಡವರು ಬದುಕುವ ಗುಟ್ಟು ಇಷ್ಟೇ. ಸರ್ಪಗಂಧದ ಕಥೆ ಇಲ್ಲಿ ತಮಾಷೆಯಾಗಿದೆ. ತಲೆಮಾರುಗಳಿಂದ ಹಾವಿನ ವಿಷಕ್ಕೆಂದು ಅರೆದ ಆ ಬೇರು ವಿಷಕ್ಕೆ ಏನೂ ಮಾಡುವುದಿಲ್ಲ. ಆದರೆ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ 1949ರಲ್ಲಿ ಅದು ರಕ್ತದೊತ್ತಡ ಇಳಿಸುತ್ತದೆಂದು ಬ್ರಿಟಿಷ್ ಹೃದಯ ಪತ್ರಿಕೆಯಲ್ಲಿ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಅದರಿಂದ ರಿಸರ್ಪಿನ್ ಬೇರ್ಪಡಿಸಿದರು. ಅಲ್ಲಿಂದ ಮುಂದೆ ಅದು ಜಗತ್ತಿನ ಔಷಧವಾಯಿತು. ನಮ್ಮ ಹಿರಿಯರ ಗಿಡ ಸುಳ್ಳಲ್ಲ, ಕಾಯಿಲೆ ತಪ್ಪಿತ್ತು. ಕಚ್ಚಿದ ಜಾಗ ಕುಯ್ಯದೆ, ಬಿಗಿಯಾಗಿ ಕಟ್ಟದೆ, ಕೈಕಾಲು ಅಲುಗಾಡದಂತೆ ಹಿಡಿದು ಆಸ್ಪತ್ರೆಗೆ ಒಯ್ಯಬೇಕು. 2024ರ ಫೆಬ್ರುವರಿಯಿಂದ ಕರ್ನಾಟಕದಲ್ಲಿ ಪ್ರತಿ ಹಾವಿನ ಕಡಿತವನ್ನೂ ಸರ್ಕಾರಕ್ಕೆ ವರದಿ ಮಾಡುವುದು ಕಡ್ಡಾಯ.

ಅಡುಗೆಯ ವಸ್ತು ಕ್ಯಾಪ್ಸೂಲ್ ಆದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಾಡಿನದೇ ಉದಾಹರಣೆ ಉಪ್ಪಾಗೆ. ಶಿರಸಿ, ಸಿದ್ದಾಪುರದ ಘಟ್ಟದ ಅಂಚಿನವರು ಸಿಪ್ಪೆ ಒಣಗಿಸಿ ಹುಳಿಗೆ, ಬೀಜದಿಂದ ತುಪ್ಪ ತೆಗೆದು ದೋಸೆಗೆ, ಒಡೆದ ಕಾಲಿಗೆ ಬಳಸುತ್ತಿದ್ದರು. ಸಿಪ್ಪೆಯ ಆಮ್ಲ ತೂಕ ಇಳಿಸುತ್ತದೆಂದು 1990ರ ದಶಕದಲ್ಲಿ ಹೊರದೇಶದ ಬೇಡಿಕೆ ಬಂದದ್ದೇ ತಡ, ಜಡಿಮಳೆಯಲ್ಲಿ ಸಿಪ್ಪೆ ಒಣಗಿಸಲು ರಾಶಿ ರಾಶಿ ಸೌದೆ ಉರಿಯಿತು, ಬಲಿಯದ ಕಾಯಿಗೂ ದೋಟಿ ಬಿತ್ತು, ಕೊಂಬೆಗಳೇ ಮುರಿದವು. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ ಹನ್ನೆರಡು ವಾರ ಪರೀಕ್ಷಿಸಿದಾಗ ಹುಸಿ ಗುಳಿಗೆಗಿಂತ ಹೆಚ್ಚೇನೂ ತೂಕ ಇಳಿಯಲಿಲ್ಲ. 2009ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಹೈಡ್ರಾಕ್ಸಿಕಟ್ ಎಂಬ ತೂಕ ಇಳಿಸುವ ಉತ್ಪನ್ನಗಳನ್ನು ಬಳಸಬೇಡಿ ಎಂದಿತು. ಯಕೃತ್ತಿನ ತೊಂದರೆಯ 23 ವರದಿಗಳು, ಒಂದು ಸಾವು ಅದರ ಮುಂದಿದ್ದವು. ಆ ಹೆಸರಿನ ಕೆಲವು ಉತ್ಪನ್ನಗಳಲ್ಲಿ ಉಪ್ಪಾಗೆಯ ಸಾರವೂ ಇತ್ತು. ಮೀನಿನ ಸಾರಿಗೆ ಹಾಕುವ ಎರಡು ಸಿಪ್ಪೆಗೂ ಸಾರ ಹಿಂಡಿ ತುಂಬಿದ ದಿನಕ್ಕೆ ಮೂರು ಗುಳಿಗೆಗೂ ಸಂಬಂಧವಿಲ್ಲ.

ಕೋವಿಡ್ ಕಾಲದ ಅಮೃತಬಳ್ಳಿಯೂ ಇದೇ ದಾರಿ ಹಿಡಿಯಿತು. ಯಾರ ಬಾಯಲ್ಲಿ ನೋಡಿದರೂ ರೋಗನಿರೋಧಕ ಶಕ್ತಿ, ತಿಂಗಳುಗಟ್ಟಲೆ ಕಷಾಯ. 2021ರಲ್ಲಿ ಮುಂಬಯಿಯ ವೈದ್ಯರು ಯಕೃತ್ತು ಕೆಟ್ಟ ಆರು ಜನರ ವಿವರ ಪ್ರಕಟಿಸಿದರು, ಮರುವರ್ಷ ದೇಶದ ಹದಿಮೂರು ಕೇಂದ್ರಗಳ 43 ಪ್ರಕರಣಗಳು ಹೊರಬಂದವು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ನೋಡಲು ಅದರಂತೆಯೇ ಇರುವ ಬೇರೆ ಬಳ್ಳಿ ಬಳಸಿರಬಹುದು ಎಂದಿತು. ಯಾರ ಮಾತು ಸರಿ ಎಂಬ ಜಗಳ ಪಕ್ಕಕ್ಕಿರಲಿ. ಬಳ್ಳಿ ಬೇರೆಯಾಗಿದ್ದರೆ ಗುರುತಿಸಲು ಬಾರದವರು ಕುಡಿದರು ಎಂದಾಯಿತು, ಅದೇ ಬಳ್ಳಿಯಾಗಿದ್ದರೆ ಮಿತಿ ತಿಳಿಯದವರು ಕುಡಿದರು ಎಂದಾಯಿತು. ಎರಡರಲ್ಲೂ ತಪ್ಪಿದ್ದು ಕಲಿಸಿಕೊಟ್ಟ ರೀತಿ.

ನೈಸರ್ಗಿಕ ಎಂದ ಮಾತ್ರಕ್ಕೆ ಒಳ್ಳೆಯದು ಎನ್ನುವವರಿಗೆ ಅಡಿಕೆಯ ಊರಿನಲ್ಲೇ ಉತ್ತರವಿದೆ. ಇದನ್ನು ಇಲ್ಲಿ ಬರೆಯುವುದು ಕಷ್ಟ. ನಮ್ಮ ಮದುವೆ, ಮನೆ, ಮಕ್ಕಳ ಓದು ಎಲ್ಲ ಅಡಿಕೆಯದ್ದೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ತಂಬಾಕಿಲ್ಲದ ಕವಳವನ್ನೂ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಬೆಳೆಗಾರರು ಇದನ್ನು ಒಪ್ಪುವುದಿಲ್ಲ, ಗುಟ್ಕಾ, ತಂಬಾಕಿನ ಪಾಪವನ್ನು ಅಡಿಕೆಯ ತಲೆಗೆ ಕಟ್ಟಿದ್ದಾರೆ ಎನ್ನುತ್ತಾರೆ, ಹೊಸ ಸಂಶೋಧನೆ ಕೇಳುತ್ತಾರೆ. ಕೇಳಲಿ. ಆದರೆ ದಿನಕ್ಕೆ ಹತ್ತು ಕವಳ ಹಾಕುವ ಅಪ್ಪಯ್ಯನ ಬಾಯಿ ಮೊದಲಿನಷ್ಟು ತೆರೆಯುತ್ತಿಲ್ಲ, ಖಾರ ತಾಗಿದರೆ ಉರಿಯುತ್ತದೆ, ಕೆನ್ನೆಯೊಳಗೆ ಬಿಳಿ ಮಚ್ಚೆ ಇದೆ, ಮೂರು ವಾರವಾದರೂ ಹುಣ್ಣು ಆರಿಲ್ಲ ಎಂದರೆ ಸಂಶೋಧನೆಗೆ ಕಾಯುವಂತಿಲ್ಲ. ತಿಂಗಳಿಗೊಮ್ಮೆ ಕನ್ನಡಿ ಮುಂದೆ ನಿಂತು ಬಾಯಿ ನೋಡಿಕೊಳ್ಳುವುದು ಈ ಸೀಮೆಯ ಸ್ವಂತ ಆರೈಕೆಯ ಮೊದಲ ಪುಟದಲ್ಲಿ ಬರಬೇಕು. ಯಾವ ಮನೆಮದ್ದಿನ ಪುಸ್ತಕದಲ್ಲೂ ನಾನು ಅದನ್ನು ಕಂಡಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿಯ ಉಪ್ಪೂ ಹಾಗೆಯೇ ತಪ್ಪಿಸಿಕೊಳ್ಳುತ್ತದೆ. ದಿನಕ್ಕೆ ಐದು ಗ್ರಾಂ ಮೀರಬಾರದು ಎಂಬ ಲೆಕ್ಕಕ್ಕೆ ಎರಡು ಮಿಡಿ, ಒಂದು ಲೋಟ ಅಪ್ಪೆಹುಳಿ ಸೇರಿದರೆ ಬಿಪಿ ಮಾತ್ರೆಯ ಶ್ರಮವೆಲ್ಲ ವ್ಯರ್ಥ.

ಕಲಿಸುವವರು ಈ ಊರುಗಳಲ್ಲಿ ಇಲ್ಲದಿಲ್ಲ. 2001ರಲ್ಲಿ ಸುನಿತಾ ರಾವ್ ಶಿರಸಿಯಲ್ಲಿ ಶುರು ಮಾಡಿದ ವನಸ್ತ್ರೀ ಬಳಗ ಹೆಂಗಸರ ಹಿತ್ತಲುಗಳನ್ನೇ ಪಾಠಶಾಲೆ ಮಾಡಿ, ಬೀಜ ಹಂಚಿಕೊಳ್ಳುವುದರ ಜೊತೆ ಮರೆತ ಸೊಪ್ಪು, ಗೆಡ್ಡೆಗಳನ್ನು ಅಡುಗೆಗೆ ವಾಪಸು ತಂದಿದೆ. ಕುಮಟಾ ದಾರಿಯ ದೇವಿಮನೆ ಘಟ್ಟದಲ್ಲಿ ಅರಣ್ಯ ಇಲಾಖೆ 1990ರ ದಶಕದಲ್ಲಿ ಔಷಧೀಯ ಸಸ್ಯಗಳ ಸಂರಕ್ಷಣಾ ಪ್ರದೇಶ ಗುರುತಿಸಿದೆ. ಶಿರಸಿಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ. ಧರ್ಮಸ್ಥಳ ಯೋಜನೆಯ ಜ್ಞಾನವಿಕಾಸ ಕೇಂದ್ರಗಳಲ್ಲಿ ಹೆಂಗಸರು ಆಗಾಗ ಸೇರುತ್ತಾರೆ. ಇವರೆಲ್ಲರ ಜೊತೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಒಂದೇ ಚಾಪೆಯ ಮೇಲೆ ಕೂರುವುದು ಮಾತ್ರ ಅಪರೂಪ. ಗಿಡದವರು ಗಿಡದ ಮಾತು, ಡಾಕ್ಟರರು ಮಾತ್ರೆಯ ಮಾತು ಹೇಳಿ ಎದ್ದು ಹೋಗುತ್ತಾರೆ. ಕೇಳಿಸಿಕೊಂಡ ಹೆಂಗಸರು ಎರಡನ್ನೂ ಮನೆಗೆ ಒಯ್ದು, ಒಂದನ್ನು ಇನ್ನೊಂದರಿಂದ ಮುಚ್ಚಿಡುತ್ತಾರೆ.

ಮುಚ್ಚಿಡುವುದೇ ಈಗಿನ ದೊಡ್ಡ ತೊಡಕು. ಆಸ್ಪತ್ರೆಯಲ್ಲಿ "ಏನಾದ್ರೂ ನಾಟಿ ಔಷಧ ಮಾಡಿದ್ರಾ?" ಎಂದು ಕೇಳಿದರೆ ತಲೆ ಅಲ್ಲಾಡಿಸಿ ಇಲ್ಲ ಎನ್ನುತ್ತಾರೆ, ಬೈಗುಳದ ಭಯಕ್ಕೆ. ಸಕ್ಕರೆ ಕಾಯಿಲೆಯವರು ಮಾತ್ರೆಯ ಜೊತೆ ಏಕನಾಯಕ ಬೇರಿನ ಕಷಾಯ ಕುಡಿಯುತ್ತಿರಬಹುದು. ಆ ಬೇರಿಗೆ ಪಿಷ್ಟ ಜೀರ್ಣವಾಗುವುದನ್ನು ತಡೆಯುವ ಗುಣ ನಿಜಕ್ಕೂ ಇದೆ. ಹೇಳದಿದ್ದರೆ ಸಕ್ಕರೆ ಏಕೆ ದಿಢೀರ್ ಇಳಿಯಿತು ಎಂದು ವೈದ್ಯರಿಗೆ ತಿಳಿಯುವುದಾದರೂ ಹೇಗೆ? ಆಶಾ ಕಾರ್ಯಕರ್ತೆಯರು ರೋಗಿಯನ್ನು ಆಸ್ಪತ್ರೆಗೆ ಕಳಿಸುವಾಗ ಕೊಡುವ ಚೀಟಿಯಲ್ಲಿ ಜ್ವರ ಎಷ್ಟು ದಿನ, ಮಾತ್ರೆ ಯಾವುದು ಎಂಬುದರ ಕೆಳಗೆ ಇನ್ನೊಂದು ಸಾಲು ಸೇರಿಸಿದರೆ ಖರ್ಚೇನೂ ಇಲ್ಲ: ಮನೆಯಲ್ಲಿ ಕೊಟ್ಟ ಮದ್ದು ಯಾವುದು, ಎಷ್ಟು ದಿನ. ಅದನ್ನು ಓದಿದ ವೈದ್ಯರು ಹುಬ್ಬು ಗಂಟಿಕ್ಕದೆ, ಯಾವ ಗಿಡ, ಬೇರೋ ಎಲೆಯೋ ಎಂದು ಮುಂದಿನ ಪ್ರಶ್ನೆ ಕೇಳಬೇಕು. ಗಿಡದ ಒಂದು ಕಡ್ಡಿಯನ್ನೂ ಜೊತೆಗೆ ತಂದಿದ್ದರೆ ಇನ್ನೂ ಒಳ್ಳೆಯದು.